ವೆನಿಲ್ಲಾ ಕ್ಯೂರಿಂಗ್: ಅಡಿಕೆ ಒಣಗಿಸಿದ ಹಾಗೆ ಒಣಗಿಸಬೇಡಿ ಮಾರಾಯ್ರೆ

ಹೋದ ತಿಂಗಳು ನೆಂಟರೊಬ್ಬರು ಪೇಪರಿನಲ್ಲಿ ಸುತ್ತಿ ಇಪ್ಪತ್ತು ವೆನಿಲ್ಲಾ ಕೋಡು ತಂದುಕೊಟ್ಟರು. ಮುಟ್ಟಿದರೆ ಒಣಗಿದ ಕಡ್ಡಿ. ಒಂದನ್ನು ಬಗ್ಗಿಸಿದೆ, ಟಪ್ ಅಂತ ಮುರಿಯಿತು. ಮೂಸಿದರೆ ಒಣಹುಲ್ಲಿನ ವಾಸನೆ. "ಹದಿನೈದು ದಿನ ಬಿಸಿಲಲ್ಲಿಟ್ಟಿದ್ದೇನೆ, ಒಂದು ಚೂರು ಪಸೆ ಇಲ್ಲ ನೋಡಿ" ಅಂದರು ಹೆಮ್ಮೆಯಿಂದ. ಪಸೆ ಇಲ್ಲದ್ದೇ ತೊಂದರೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಅವರ ತಪ್ಪು ಅಂತಲೂ ಹೇಳುವ ಹಾಗಿಲ್ಲ. ನಮ್ಮ ಕಡೆಯವರ ಕೈಗೆ ಅಡಿಕೆ ಒಣಗಿಸುವ ಕೆಲಸ ಅಂಟಿಬಿಟ್ಟಿದೆ. ಯಾವುದನ್ನೇ ಕೊಯ್ದರೂ ಗಲಗಲ ಅನ್ನುವವರೆಗೆ ಒಣಗಿಸದಿದ್ದರೆ ಸಮಾಧಾನ ಇಲ್ಲ. ಜೊತೆಗೆ ವೆನಿಲ್ಲಾ ಭರಾಟೆ ಇದ್ದಾಗ ಕ್ಯೂರಿಂಗ್, ಅಂದರೆ ಹಸಿ ಕೋಡಿಗೆ ಬಿಸಿ ಕೊಟ್ಟು, ಕಂಬಳಿಯಲ್ಲಿ ಸುತ್ತಿಟ್ಟು ಪರಿಮಳ ಬರಿಸುವ ಕೆಲಸ ಕಲಿಯುವ ಅಗತ್ಯವೇ ಹೆಚ್ಚಿನವರಿಗೆ ಬರಲಿಲ್ಲ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು, ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬೆಳೆಯುವ ಜಾಗ ಅದು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೇ ಕೆಜಿಗೆ 3,000 ರೂಪಾಯಿ ದಾಟಿತು. ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುತ್ತಿದ್ದೆವು. ಹಸಿ ಮಾರಿಯೇ ದುಡ್ಡು ಎಣಿಸುವಾಗ ತಿಂಗಳುಗಟ್ಟಲೆ ಕಂಬಳಿ ಮಡಚುವ ಕೆಲಸ ಯಾರಿಗೆ ಬೇಕಿತ್ತು? ಆಮೇಲೆ ಬೆಲೆ ನೆಲ ಕಚ್ಚಿತು, ಬುಡ ಕೊಳೆತ ಬಳ್ಳಿಗಳನ್ನು ಕಿತ್ತು ಎಸೆದರು. ಉಳಿದದ್ದು ಮನೆ ಹಿತ್ತಲಿನ ನಾಲ್ಕು ಬಳ್ಳಿ. ಆ ನಾಲ್ಕು ಬಳ್ಳಿಯವರಿಗೇ ಈ ಲೇಖನ.

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಹಸಿ ಕೋಡಿಗೆ ವೆನಿಲ್ಲಾ ವಾಸನೆಯೇ ಇಲ್ಲ. ಪರಿಮಳ ಕೊಡುವ ವೆನಿಲಿನ್ ಅಲ್ಲಿ ಸಕ್ಕರೆಗೆ ಅಂಟಿಕೊಂಡು ಗ್ಲುಕೋವೆನಿಲಿನ್ ಆಗಿ ಸುಮ್ನೆ ಕೂತಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಕೋಡಿನ ಒಳಗೇ ಇದೆ, ಆದರೆ ಬೇರೆ ಕೋಣೆಯಲ್ಲಿದೆ. ಕೋಣೆಯ ಗೋಡೆ ಒಡೆದು ಇಬ್ಬರನ್ನೂ ಸೇರಿಸಬೇಕು, ಆಮೇಲೆ ಕೆಲಸ ಮಾಡುವುದಕ್ಕೆ ಬಿಸಿ ಮತ್ತು ಪಸೆ ಎರಡನ್ನೂ ಕೊಡಬೇಕು. ಪಸೆ ಬೇಗ ಹೋಯಿತೋ, ಕೆಲಸ ಅರ್ಧಕ್ಕೇ ನಿಂತಿತು. ಪಸೆ ಇದ್ದು ಬಿಸಿ ಇಲ್ಲದಿದ್ದರೆ ಬೂಸ್ಟು. ಚೆನ್ನಾಗಿ ಕ್ಯೂರ್ ಆದ ಕೋಡಿನ ತೂಕದಲ್ಲಿ ಸುಮಾರು ಶೇ 2ರಷ್ಟು ವೆನಿಲಿನ್ ಇರುತ್ತದೆ. ಅದರ ಜೊತೆಗೆ ಪರಿಮಳಕ್ಕೆ ಕೈಜೋಡಿಸುವ ಬೇರೆ ವಸ್ತುಗಳೇ ಇನ್ನೂರಕ್ಕೂ ಜಾಸ್ತಿ. ಅಂಗಡಿಯ ಎಸೆನ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್ ಒಂದೇ. 1874ರಲ್ಲೇ ಜರ್ಮನಿಯಲ್ಲಿ ಅದನ್ನು ಮಾಡಲು ಕಲಿತಿದ್ದರು. ನಾವು ಇಷ್ಟು ಒದ್ದಾಡುವುದು ಉಳಿದ ಆ ಇನ್ನೂರಕ್ಕಾಗಿ.

ಕೊಯ್ಲು. ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದ ದಿನದಿಂದ ಸುಮಾರು ಒಂಬತ್ತು ತಿಂಗಳು. ಕೋಡಿನ ತುದಿ ಹಳದಿಯಾದಾಗ ಕೊಯ್ಯಿರಿ, ಗೊಂಚಲು ಸಮೇತ ಅಲ್ಲ, ಹಣ್ಣಾದ ಹಾಗೆ ಒಂದೊಂದೇ. ಕಳ್ಳರ ಭಯಕ್ಕೆ ಹಸಿರು ಕೋಡನ್ನೇ ಕೊಯ್ದರೆ ಮುಂದೆ ಏನು ಮಾಡಿದರೂ ಪರಿಮಳ ಅಷ್ಟಕ್ಕಷ್ಟೆ. ಪೂರ್ತಿ ಹಳದಿಯಾಗಲಿ ಅಂತ ಕಾದರೆ ಕೋಡು ಸೀಳುತ್ತದೆ. ತೊಳೆಯಿರಿ. ಉದ್ದದ ಪ್ರಕಾರ ಬೇರೆ ಮಾಡಿ: 15 ಸೆಂಟಿಮೀಟರ್‌ಗಿಂತ ಉದ್ದದವು, 10ರಿಂದ 15ರವು, ಅದಕ್ಕಿಂತ ಗಿಡ್ಡವು. ಸೀಳಿದ್ದನ್ನು ಗಿಡ್ಡದರ ಜೊತೆ ಹಾಕಿ.

ಬಿಸಿನೀರು. 63ರಿಂದ 65 ಡಿಗ್ರಿ ಸೆಲ್ಸಿಯಸ್. ಉದ್ದದವಕ್ಕೆ 3 ನಿಮಿಷ, ನಡುವಿನವಕ್ಕೆ ಎರಡೂವರೆ, ಗಿಡ್ಡವಕ್ಕೆ ಎರಡಕ್ಕಿಂತ ಕಮ್ಮಿ. ಕೋಡಿನ ಜೀವ ತೆಗೆದು ಒಳಗಿನ ಗೋಡೆ ಒಡೆಯುವುದು ಇಲ್ಲಿ. ಬೆರಳು ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ತನ್ನಿ, ದೊಡ್ಡ ಖರ್ಚೇನಲ್ಲ. ಕುದಿಯುವ ನೀರಿಗೇ ಹಾಕಿದವರನ್ನು ಕಂಡಿದ್ದೇನೆ. ಕಿಣ್ವ ಅಲ್ಲೇ ಬೆಂದು ಹೋಗುತ್ತದೆ, ಆಮೇಲೆ ನೀವು ಒಣಗಿಸುತ್ತಿರುವುದು ಪಲ್ಯದ ಬೀನ್ಸ್. ನನ್ನ ಲೆಕ್ಕ ಸುಲಭದ್ದು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕುದಿನೀರು, ಉಳಿದದ್ದು ತಣ್ಣೀರು, ಬೆರೆಸಿದರೆ 65ರ ಹತ್ತಿರ ಬರುತ್ತದೆ, ಆಮೇಲೆ ಥರ್ಮಾಮೀಟರ್ ನೋಡಿ ಸರಿ ಮಾಡಿಕೊಳ್ಳಿ. ನೀರು ಧಾರಾಳ ಇರಲಿ, ಇಲ್ಲದಿದ್ದರೆ ಕೋಡು ಹಾಕಿದ ಕೂಡಲೇ ತಣಿಯುತ್ತದೆ. ಬುಟ್ಟಿಯಲ್ಲಿ ಹಾಕಿ ಅದ್ದಿ ತೆಗೆಯಿರಿ. ಅಡಿಕೆ ಬೇಯಿಸುವ ಹಂಡೆ ಮಾತ್ರ ಬೇಡ, ಎಷ್ಟು ತಿಕ್ಕಿದರೂ ಚೊಗರು ಬಿಡುವುದಿಲ್ಲ.

ಬೆವರಿಸುವುದು. ನೀರು ಸೋರಿದ ಕೂಡಲೇ, ಕೋಡು ಬಿಸಿ ಇರುವಾಗಲೇ, ಕಪ್ಪು ಕಂಬಳಿಯಲ್ಲಿ ಸುತ್ತಿ ಮುಚ್ಚಳ ಇರುವ ಮರದ ಪೆಟ್ಟಿಗೆಗೆ ಹಾಕಿ. ಒಂದೂವರೆಯಿಂದ ಎರಡು ದಿನ. ತೆಗೆದಾಗ ಹಸಿರು ಹೋಗಿ ಚಾಕೊಲೇಟ್ ಬಣ್ಣ ಬಂದಿರಬೇಕು. ಮರದ ಪೆಟ್ಟಿಗೆ ಇಲ್ಲದಿದ್ದರೆ ಥರ್ಮೊಕೋಲ್ ಡಬ್ಬ ಆಗುತ್ತದೆ, ಕೋಡು ಸ್ವಲ್ಪವೇ ಇದ್ದರೆ ಜೊತೆಗೆ ಬಿಸಿನೀರಿನ ಬಾಟಲಿ ಇಡಿ. ರೈಸ್ ಕುಕ್ಕರಿನ ವಾರ್ಮ್‌ನಲ್ಲಿ ಇಡುತ್ತೇನೆ ಅನ್ನುವ ಜಾಣರಿದ್ದಾರೆ. ಬೇಡ, ಅದು ಜಾಸ್ತಿ ಬಿಸಿ.

ಇಲ್ಲಿಂದ ಮುಂದಿನ ಹತ್ತು ಹನ್ನೆರಡು ದಿನವೇ ಎಲ್ಲ. ನನ್ನ ನೆಂಟರು ಎಡವಿದ್ದೂ ಇಲ್ಲೇ.

ಬಿಸಿಲಿಗೆ ಹಾಕುವುದು ಅಂದರೆ ಒಣಗಿಸುವುದು ಅಂದುಕೊಳ್ಳುತ್ತಾರೆ. ಅಲ್ಲ. ಕೋಡಿಗೆ ಬಿಸಿ ತುಂಬಿಸುವುದು. ಹಗಲು ತುಂಬಿದ ಬಿಸಿಯನ್ನು ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಹಿಡಿದಿಡುವುದು. ಕಿಣ್ವ ಕೆಲಸ ಮಾಡುವುದು ಬಿಸಿಲಲ್ಲಿ ಮಾತ್ರ ಅಲ್ಲ, ಕತ್ತಲೆಯಲ್ಲೂ. ಆದ್ದರಿಂದ ಬೆಳಿಗ್ಗೆ ಅಡಿಕೆ ಹರವಿದ ಹಾಗೆ ಹರವಿ, ಸಂಜೆ ಇಬ್ಬನಿ ಬೀಳುವ ಹೊತ್ತಿಗೆ ನೆನಪಾಗಿ ಒಳಗೆ ತಂದರೆ ಮೂರು ನಷ್ಟ: ಪಸೆ ಜಾಸ್ತಿ ಹೋಯಿತು, ಕೋಡು ತಣ್ಣಗಾಯಿತು, ತಣ್ಣಗಾದದ್ದು ಪೆಟ್ಟಿಗೆಯೊಳಗೆ ಬೂಸ್ಟು ಹಿಡಿಯಿತು.

ನಾನು ಮಾಡುವುದು ಹೀಗೆ. ಹನ್ನೊಂದು ಗಂಟೆಗೆ ಮೊದಲು ಪೆಟ್ಟಿಗೆ ತೆರೆಯುವುದಿಲ್ಲ. ಅಂಗಳದ ನೆಲದಲ್ಲಿ ಅಲ್ಲ, ಸೊಂಟದೆತ್ತರದ ತಟ್ಟಿಯ ಮೇಲೆ ಕಂಬಳಿ ಹಾಸಿ ಕೋಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಒಂದೇ ಪದರದಲ್ಲಿ ಹರವುತ್ತೇನೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತೆರೆದ ಬಿಸಿಲು. ಆಮೇಲೆ ಕಂಬಳಿಯ ಇನ್ನರ್ಧವನ್ನು ಅದರ ಮೇಲೇ ಮಡಚಿ ಇನ್ನೊಂದು ಗಂಟೆ ಬಿಸಿಲಲ್ಲೇ ಬಿಡುತ್ತೇನೆ. ಈಗ ಕೈ ಒಳಗೆ ಹಾಕಿದರೆ ಚುರ್ ಅನ್ನಬೇಕು, 50 ಡಿಗ್ರಿ ಹತ್ತಿರ. ಕೋಡು ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನುತ್ತಿರುತ್ತದೆ. ಅದೇ ಬಿಸಿಯಲ್ಲಿ ಸುರುಳಿ ಸುತ್ತಿ, ಸುರುಳಿಯನ್ನೇ ಪೆಟ್ಟಿಗೆಗೆ ಹಾಕಿ ಮುಚ್ಚಬೇಕು. ಎರಡು ಗಂಟೆಯ ಊಟಕ್ಕೆ ಮೊದಲೇ ಈ ಕೆಲಸ ಮುಗಿದಿರಬೇಕು. ಊಟ ಆದಮೇಲೆ ಅಂದರೆ ನಿದ್ದೆ ಬರುತ್ತದೆ, ನನಗೂ ಬಂದಿದೆ.

ಮೋಡ ಇದ್ದರೆ? ಹರವಬೇಡಿ. ಪೆಟ್ಟಿಗೆ ತೆರೆದು ಬೂಸ್ಟು ನೋಡಿ, ಬಿಸಿನೀರಿನ ಬಾಟಲಿ ಬದಲಿಸಿ, ಮುಚ್ಚಿ. ಎರಡು ಮೂರು ದಿನ ಮೋಡವೇ ಆದರೆ ಇಸ್ತ್ರಿಪೆಟ್ಟಿಗೆಯಿಂದ ಕಂಬಳಿಯನ್ನು ಬಿಸಿ ಮಾಡಿ ಕೋಡು ಸುತ್ತಿ. ನಗಬೇಡಿ, ಕೆಲಸ ಮಾಡುತ್ತದೆ. ಅಡಿಕೆಗೆ ಹಾಕಿದ ಪ್ಲಾಸ್ಟಿಕ್ ಗೂಡಿನಲ್ಲಿ ಇಡೀ ದಿನ ಬಿಟ್ಟು ಬೇಗ ಮುಗಿಸಿಬಿಡುವ ಆಸೆ ಬರುತ್ತದೆ. ಬೇಗ ಮುಗಿಯುತ್ತದೆ ನಿಜ, ಪರಿಮಳವೂ ಅದರ ಜೊತೆಗೇ.

ಕಂಬಳಿಯ ಬಗ್ಗೆ ಎರಡು ಮಾತು. ಉಣ್ಣೆಯದೇ ಆಗಬೇಕು, ಕಪ್ಪೇ ಆಗಬೇಕು. ಕುರುಬರ ಕರಿ ಕಂಬಳಿಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಬಿಸಿ ಹಿಡಿಯುತ್ತದೆ, ಕೋಡಿನ ಬೆವರನ್ನೂ ಹೀರುತ್ತದೆ. ಸಂತೆಯಲ್ಲಿ ಸಿಗುವ ನುಣುಪು ಸಿಂಥೆಟಿಕ್ ರಗ್ಗು ಬೆವರು ಹೀರುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಶೀಟಂತೂ ನೀರು ತೊಟ್ಟಿಕ್ಕಿಸುತ್ತದೆ. ಇನ್ನೊಂದು, ಮೊದಲ ವರ್ಷ ನಾನು ಅಟ್ಟದ ಟ್ರಂಕಿನಿಂದ ಅಜ್ಜನ ಕಂಬಳಿ ತೆಗೆದು, ಕೊಡವಿ, ಹಾಗೇ ಬಳಸಿದೆ. ಹನ್ನೆರಡು ದಿನ ಒಂದು ತಪ್ಪಿಲ್ಲದೆ ಎಲ್ಲ ಮಾಡಿದೆ. ಕೊನೆಗೆ ನಾಲ್ಕು ಕೆಜಿ ಕೋಡಿಗೂ ನುಸಿಗುಳಿಗೆಯ ವಾಸನೆ. ಮಗಳು ಮೂಸಿ, "ಅಪ್ಪಾ, ಇದು ಬೀರು" ಅಂದಳು. ಕಂಬಳಿಯನ್ನು ಒಗೆದು, ವಾರ ಬಿಸಿಲಿಗೆ ಹಾಕಿ, ಕೋಡಿಗೂ ಅದಕ್ಕೂ ನಡುವೆ ಹಳೆಯ ಹತ್ತಿ ಪಂಚೆ ಹಾಸಿ.

ನೆರಳು. ಗಾಳಿಯಾಡುವ ಕೋಣೆಯಲ್ಲಿ ತಟ್ಟಿಗಳ ಮೇಲೆ ಮೂರು ನಾಲ್ಕು ವಾರ. ಅಡಿಗೆಮನೆ ಬೇಡ, ಒಗ್ಗರಣೆ ಹಿಡಿಯುತ್ತದೆ. ದಿನಾ ಒಂದೊಂದೇ ಕೋಡನ್ನು ಎರಡು ಬೆರಳ ನಡುವೆ ಬುಡದಿಂದ ತುದಿಗೆ ನೀವಿ, ಸೊಟ್ಟಗಿರುವುದು ನೆಟ್ಟಗಾಗುತ್ತದೆ, ಒಳಗಿನ ಎಣ್ಣೆ ಎಲ್ಲ ಕಡೆ ಹರಡುತ್ತದೆ. ಬೇಜಾರಿನ ಕೆಲಸವೇ, ಟಿವಿ ಮುಂದೆ ಕೂತು ಮಾಡಿ.

ಎಲ್ಲಿ ನಿಲ್ಲಿಸಬೇಕು? ತಕ್ಕಡಿ ಹೇಳುತ್ತದೆ. ಐದಾರು ಕೆಜಿ ಹಸಿ ಕೋಡು ಕೊನೆಗೆ ಒಂದು ಕೆಜಿ ಆಗಬೇಕು. ಆಗಲೂ ಒಳಗೆ ಶೇ 25ರಿಂದ 30ರಷ್ಟು ತೇವ ಉಳಿದಿರುತ್ತದೆ, ಉಳಿದಿರಲೇಬೇಕು. ಬೆರಳಿಗೆ ಉಂಗುರದ ಹಾಗೆ ಸುತ್ತಿ ನೋಡಿ. ಸುತ್ತಿಕೊಳ್ಳಬೇಕು, ಬಿಟ್ಟರೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಉದ್ದುದ್ದ ಸುಕ್ಕು, ಒಣದ್ರಾಕ್ಷಿಯ ಮೆದು. ಆನ್‌ಲೈನಿನಲ್ಲಿ ಒಮ್ಮೆ ಗಾಜಿನ ಕೊಳವೆಯಲ್ಲಿ ಎರಡು ಕೋಡು ತರಿಸಿದ್ದೆ, ಅಲ್ಲಾಡಿಸಿದರೆ ಟಕಟಕ ಸದ್ದು. ಸದ್ದು ಬರುವ ವೆನಿಲ್ಲಾವನ್ನು ವಾಪಸ್ ಕಳಿಸಿ.

ಕೊನೆಯದು ಮಾಗಿಸುವುದು. ಐವತ್ತು ಕೋಡಿನ ಕಟ್ಟು ಮಾಡಿ ಹತ್ತಿ ದಾರದಲ್ಲಿ ಕಟ್ಟಿ, ಬಟರ್ ಪೇಪರಿನಲ್ಲಿ ಸುತ್ತಿ, ಗಾಜಿನ ಭರಣಿ ಇಲ್ಲವೇ ಮರದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು. ಹಪ್ಪಳ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬ ಬೇಡ. ವಾರಕ್ಕೊಮ್ಮೆ ತೆರೆದು ನೋಡಿ. ಮೊದಲ ವಾರಗಳಲ್ಲಿ ಒಣದ್ರಾಕ್ಷಿ, ತಂಬಾಕಿನಂಥ ವಾಸನೆ ಇರುತ್ತದೆ, ಹೆದರಬೇಡಿ. ವೆನಿಲ್ಲಾ ಪರಿಮಳ ದುಂಡಗಾಗುವುದು ಈ ಕತ್ತಲೆಯಲ್ಲೇ.

ಒಂದು ದಿನ ಕೋಡಿನ ಮೇಲೆ ಬೆಳ್ಳಗೆ ಏನೋ ಕಾಣಬಹುದು. ನಮ್ಮೂರಲ್ಲಿ ಒಬ್ಬರು ಅದನ್ನು ಬೂಸ್ಟು ಅಂತ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಟ್ಟರು. ಒರೆಸಿದ್ದು ವೆನಿಲಿನ್ ಹರಳು! ಬೆಳಕಿಗೆ ಹಿಡಿಯಿರಿ. ಸೂಜಿಯ ಹಾಗೆ ನಿಂತು ಮಿಂಚಿದರೆ ಹರಳು, ಅದು ಅದೃಷ್ಟ. ಮಂಕಾಗಿ, ಹತ್ತಿಯ ಹಾಗೆ ಜೊಂಪೆ ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಬೂಸ್ಟು. ಆ ಕೋಡನ್ನು ಎಸೆದುಬಿಡಿ, ಅದರ ಪಕ್ಕದವನ್ನು ಸ್ಪಿರಿಟ್ ಅಲ್ಲ, ಕುಡಿಯುವ ವೋಡ್ಕಾ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಅರ್ಧ ದಿನ ಗಾಳಿಗಿಟ್ಟು ಬೇರೆ ಭರಣಿಗೆ ಹಾಕಿ.

ಉಪಯೋಗಿಸುವುದಕ್ಕೆ ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕಪ್ಪು ಬೀಜ ಕೆರೆದು ಹಾಲಿಗೆ ಹಾಕಿದರೆ ಆಯಿತು. ಸಿಪ್ಪೆಯನ್ನು ಎಸೆಯಬೇಡಿ, ಒಣಗಿಸಿ ಸಕ್ಕರೆ ಡಬ್ಬದಲ್ಲಿ ಹೂತಿಡಿ, ಹದಿನೈದು ದಿನಕ್ಕೆ ಸಕ್ಕರೆಯೇ ಘಮಘಮ.

ನೆಂಟರು ಕೊಟ್ಟ ಇಪ್ಪತ್ತನ್ನೂ ನಾನು ಹಾಗೇ ಇನ್ನೊಂದು ಡಬ್ಬದಲ್ಲಿ ಹೂತಿಟ್ಟಿದ್ದೇನೆ. ನಿನ್ನೆ ಮುಚ್ಚಳ ತೆಗೆದು ನೋಡಿದೆ. ಸಕ್ಕರೆಗೆ ಒಣಹುಲ್ಲಿನ ವಾಸನೆ ಬಂದಿದೆ.