ದತ್ತು ಮಗುವನ್ನು ಬಂಧುಬಳಗಕ್ಕೆ ಪರಿಚಯಿಸುವುದು ಹೇಗೆ?

ದತ್ತು ಮಗು ಮನೆಗೆ ಬಂದ ವಾರದಲ್ಲೇ ನೆಂಟರನ್ನೆಲ್ಲ ಕರೆದುಬಿಡುವವರು ಬಹಳ. ಅಪ್ಪ ಅಮ್ಮನ ಮುಖ ಈಗಷ್ಟೇ ಗುರುತಾಗುತ್ತಿರುವ ಮಗುವಿಗೆ ಆ ಗುಂಪಿನಲ್ಲಿ ಎಲ್ಲರೂ ಅಪರಿಚಿತರೇ. ಹಾಗಾಗಿ ಮೊದಲ ಕೆಲಸ ಕಾಯುವುದು. ಕನಿಷ್ಠ ನಾಲ್ಕರಿಂದ ಆರು ವಾರ ಮನೆಯವರಷ್ಟೇ ಇರಿ. ಅಜ್ಜಿ, ತಾತ ಜೊತೆಗೇ ಇದ್ದರೆ ಇರಲಿ; ಆದರೆ ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು ದತ್ತು ಪಡೆದವರ ಕೈಯಲ್ಲೇ ಇರಬೇಕು. ಹಸಿವಾದಾಗ, ಹೆದರಿದಾಗ ಪ್ರತಿ ಸಲವೂ ಅದೇ ಕೈಗಳು ಬಂದರೆ ಮಾತ್ರ ಇವರು ನನ್ನವರು ಎಂಬ ನಂಬಿಕೆ ಮಗುವಿನಲ್ಲಿ ಬೇರೂರುತ್ತದೆ.

ಈ ನಡುವೆ ನೆಂಟರನ್ನು ಸಿದ್ಧಪಡಿಸಿ. ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಹಾಕಿ ಕೈತೊಳೆದುಕೊಂಡರೆ ಆಗದು, ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು: ಎತ್ತಿಕೊಳ್ಳಬೇಡಿ, ತಿನ್ನಿಸಬೇಡಿ, ಹಿನ್ನೆಲೆ ಕೇಳಬೇಡಿ, ಫೋಟೊ ಹಂಚಬೇಡಿ. ಹೆತ್ತವರ ವಿಚಾರ, ಮಗು ಹೇಗೆ ದತ್ತು ಸಂಸ್ಥೆಗೆ ಬಂತು ಎಂಬುದನ್ನು ಅತಿ ಆಪ್ತರಿಗೂ ಹೇಳಬೇಡಿ. ಅದು ಮಗುವಿನ ಸೊತ್ತು. ಒಮ್ಮೆ ಬಾಯಿಬಿಟ್ಟರೆ ಮುಂದೆ ಯಾವುದೋ ಸಮಾರಂಭದಲ್ಲಿ ಬೇರೆ ಯಾರದೋ ಬಾಯಿಂದ ಅದು ಮಗುವಿನ ಕಿವಿಗೆ ಬೀಳುತ್ತದೆ.

ಬರುವವರ ಫೋಟೊಗಳನ್ನು ದಪ್ಪ ಹಾಳೆಗೆ ಅಂಟಿಸಿ ದಿನಾ ತೋರಿಸಿ, ಹೆಸರು ಹೇಳಿ. ಗುಂಡಿ ಒತ್ತಿದರೆ ದನಿ ಬರುವ ಆಲ್ಬಮ್ ಕೊಳ್ಳಬೇಡಿ. ಮಕ್ಕಳು ಗುಂಡಿ ಒತ್ತುತ್ತ ಕೂತು ಮುಖ ನೋಡದೇ ಹೋಗಬಹುದು. ವಿಡಿಯೊ ಕರೆಯಲ್ಲೇ ಪರಿಚಯ ಮುಗಿಸುವ ಅಡ್ಡದಾರಿಯೂ ಪುಟ್ಟ ಮಕ್ಕಳ ಮಟ್ಟಿಗೆ ಸಾಲದು.

ಎಡವುವುದು ಮೊದಲ ಭೇಟಿಯಲ್ಲಿ. ಒಂದು ಸಲಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು ಬರಲಿ. ಜಾಗ ನಿಮ್ಮದೇ ಮನೆ, ಹೊತ್ತು ಮಗು ಉಂಡು ನಿದ್ದೆ ಮುಗಿಸಿ ಎದ್ದ ಮೇಲೆ, ಅವಧಿ 30ರಿಂದ 45 ನಿಮಿಷ. ಬಂದವರು ನೆಲದ ಮೇಲೆ, ತುಸು ದೂರದಲ್ಲಿ ಕೂರಲಿ. ಮಗು ನಿಮ್ಮ ಮಡಿಲಲ್ಲಿರಲಿ. ‘ಬಾ ಬಾ’ ಎಂದು ಕೈಚಾಚುವುದು ಬೇಡ. ಚೆಂಡು ಉರುಳಿಸಿ ಸುಮ್ಮನಿದ್ದರೆ ಸಾಕು. ಉಡುಗೊರೆ ಒಂದೇ ಇರಲಿ, ಅದನ್ನೂ ತಿಂಡಿಯನ್ನೂ ನಿಮ್ಮ ಕೈಗೆ ಕೊಡಲಿ, ನೀವು ಮಗುವಿಗೆ ಕೊಡಿ. ಮಗು ಬಿದ್ದು ಅತ್ತರೆ ಪಕ್ಕದಲ್ಲೇ ಇದ್ದರೂ ಅವರು ಎತ್ತಬಾರದು, ನೀವೇ ಓಡಿ ಹೋಗಬೇಕು.

ಕೆಲವು ಮಕ್ಕಳು ಬಂದವರೆಲ್ಲರ ತೊಡೆಯೇರಿ ಕೂರುತ್ತವೆ. ‘ಎಷ್ಟು ಬೇಗ ಹೊಂದಿಕೊಂಡಿತು!’ ಎಂದು ಎಲ್ಲರೂ ಹಿಗ್ಗುತ್ತಾರೆ. ಅದು ಹೊಂದಿಕೆ ಆಗಿರಬೇಕಿಲ್ಲ. ಹಲವರ ಕೈ ದಾಟಿ ಬಂದ ಮಗು ಎದುರಿಗಿದ್ದವರನ್ನು ಮೆಚ್ಚಿಸುವುದನ್ನು ಕಲಿತಿರಬಹುದು. ಆಗ ನೆಂಟರು ‘ಅಮ್ಮನ ಹತ್ತಿರ ಹೋಗೋಣ ಬಾ’ ಎಂದು ಕೈಹಿಡಿದು ನಿಮ್ಮ ಬಳಿ ತಂದುಬಿಡಲಿ. ಇದು ಅಜ್ಜಿಯರಿಗೆ ತುಂಬ ಕಷ್ಟ, ಅದಕ್ಕೇ ಮೊದಲೇ ಕೂರಿಸಿ ಕಾರಣ ವಿವರಿಸಿ.

‘ಸ್ವಂತ ಅಪ್ಪ ಅಮ್ಮ ಯಾರು?’ ಎಂದು ಯಾರಾದರೂ ಕೇಳಿದರೆ ‘ನಾವೇ’ ಎಂದು ಮಾತು ಬದಲಿಸಿ. ‘ಇಂಥ ಮನೆ ಸಿಗೋಕೆ ಪುಣ್ಯ ಮಾಡಿತ್ತು’ ಎಂಬ ಮಾತನ್ನೂ ಅಲ್ಲೇ ತಡೆಯಿರಿ. ಹುಟ್ಟಿದ ಮನೆ ಕಳೆದುಕೊಂಡ ಮಗುವಿಗೆ ಅದು ಋಣದ ಭಾರ ಹೊರಿಸುತ್ತದೆ.

ಮಗು ಕಣ್ಣು ತಪ್ಪಿಸಿದರೆ, ಇದ್ದಕ್ಕಿದ್ದಂತೆ ಮಂಕಾದರೆ, ಅಥವಾ ತಡೆಯಿಲ್ಲದೆ ನಗುತ್ತ ಓಡಾಡತೊಡಗಿದರೆ ಸಾಕಾಗಿದೆ ಎಂದರ್ಥ. ಹತ್ತೇ ನಿಮಿಷವಾಗಿದ್ದರೂ ಭೇಟಿ ಮುಗಿಸಿ.

ನಾಲ್ಕೈದು ವರ್ಷ ದಾಟಿದ ಮಕ್ಕಳಾದರೆ ಮೊದಲೇ ಕೇಳಿಕೊಳ್ಳಿ: ಅಪ್ಪುಗೆಯೋ, ಕೈ ಬೀಸಿದರೆ ಸಾಕೋ? ಬೇಸರವಾದಾಗ ಕಿವಿ ಮುಟ್ಟಿಕೊಳ್ಳುವಂಥ ಒಂದು ಗುಟ್ಟಿನ ಸನ್ನೆಯನ್ನೂ ಗೊತ್ತುಮಾಡಿಕೊಳ್ಳಿ.

ಭೇಟಿಯ ನಂತರ ಎರಡು ಮೂರು ದಿನ ಯಾರನ್ನೂ ಕರೆಯಬೇಡಿ. ರಾತ್ರಿ ಎಚ್ಚರಗೊಳ್ಳುವುದು, ಬಿಡದೆ ಅಂಟಿಕೊಳ್ಳುವುದು ಸಹಜ. ಅದು ಇಳಿದ ಮೇಲಷ್ಟೇ ಮುಂದಿನವರ ಸರದಿ. ವಾರವಾದರೂ ಇಳಿಯದಿದ್ದರೆ ಅಂತರ ಹೆಚ್ಚಿಸಿ. ಮತ್ತೂ ಮುಂದುವರಿದರೆ ದತ್ತು ಸಂಸ್ಥೆಯ ಆಪ್ತಸಲಹೆಗಾರರನ್ನು ಕಾಣಿ.

ದೊಡ್ಡ ಸಮಾರಂಭ ಎಲ್ಲಕ್ಕಿಂತ ಕೊನೆಗೆ. ಜನ ಸೇರುವ ಮೊದಲೇ ಹೋಗಿ, ಬೇಗ ಹೊರಡಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೇಳಿಟ್ಟುಕೊಳ್ಳಿ. ಇಬ್ಬರಿದ್ದರೆ ಒಬ್ಬರು ನೆಂಟರನ್ನು ಮಾತಾಡಿಸಲಿ, ಇನ್ನೊಬ್ಬರು ಹೊರಡುವವರೆಗೂ ಮಗುವಿನ ಪಕ್ಕ ಬಿಟ್ಟು ಕದಲಬಾರದು.