ಅಮೆರಿಕ ಅಧ್ಯಕ್ಷರ ಆದೇಶವನ್ನು ನೀವೇ ಓದಿ ತಿಳಿದುಕೊಳ್ಳುವುದು ಹೇಗೆ

2025ರ ಸೆಪ್ಟೆಂಬರ್ 19, ಶುಕ್ರವಾರ ರಾತ್ರಿ. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ನೆವಾರ್ಕ್ ವಿಮಾನ ನಿಲ್ದಾಣದಿಂದ ಫೋನ್ ಮಾಡಿದಳು. ಕೈಯಲ್ಲಿ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನಲ್ಲಿ ಎಚ್-1ಬಿ ವೀಸಾ, ಅಂದರೆ ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ವೀಸಾ. ಅವತ್ತೇ ಅಧ್ಯಕ್ಷ ಟ್ರಂಪ್ ಆ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕುವ ಆದೇಶಕ್ಕೆ ಸಹಿ ಮಾಡಿದ್ದರು. "ಅಕ್ಕಾ, ಫ್ಲೈಟ್ ಹತ್ಲಾ ಬೇಡ್ವಾ? ವಾಪಸ್ ಬರೋಕೆ ಒಂದು ಲಕ್ಷ ಡಾಲರ್ ಕೊಡ್ಬೇಕಂತೆ ಅಲ್ವಾ?" ಅವಳಿಗೆ ಗೊತ್ತಿದ್ದದ್ದೆಲ್ಲ ವಾಟ್ಸ್ಯಾಪ್ ಗುಂಪಿನಿಂದ ಬಂದದ್ದು. ಒಬ್ಬರು ಹೀಗೆ ಅಂದರೆ ಇನ್ನೊಬ್ಬರು ಹಾಗೆ. ನಾನು ಹೇಳಿದೆ, ಐದು ನಿಮಿಷ ಕೂತ್ಕೋ, ಮೂಲ ಕಾಗದವನ್ನೇ ಓದೋಣ.

ಅವತ್ತು ಇಬ್ಬರೂ ಕೂಡಿ ಓದಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಕೀಲರಿಗೆ ಇದು ಬದಲಿ ಅಲ್ಲ, ನಿಮ್ಮ ವೀಸಾ ಅಥವಾ ಕೆಲಸದ ಪ್ರಶ್ನೆ ಇದ್ದರೆ ವಕೀಲರನ್ನು ಕೇಳಲೇಬೇಕು. ಆದರೆ ವಕೀಲರು ಫೋನ್ ಎತ್ತುವ ತನಕ ಗಾಬರಿಯಾಗದೆ ಇರಲು, ಟಿವಿಯಲ್ಲಿ ಬರುವ ಅರ್ಧ ಮಾತನ್ನು ನಂಬದೆ ಇರಲು ಇಷ್ಟು ಗೊತ್ತಿದ್ದರೆ ತುಂಬಾ ಸಹಾಯ.

ಮೊದಲು ತಲೆಯಲ್ಲಿ ಕೂರಿಸಿಕೊಳ್ಳಬೇಕಾದ ಮಾತು ಒಂದೇ. ಅಧ್ಯಕ್ಷರ ಸಹಿ ಮೊದಲು ಮುಟ್ಟುವುದು ಅವರ ಕೈಕೆಳಗಿನ ಅಧಿಕಾರಿಗಳನ್ನು. 15 ಇಲಾಖೆಗಳು, ನೂರಾರು ಸಂಸ್ಥೆಗಳು, ಸುಮಾರು 20 ಲಕ್ಷ ನೌಕರರು, ಇವರಿಗೆ "ಹೀಗೆ ಮಾಡಿ" ಎಂದು ಹೇಳುವ ಚೀಟಿ ಅದು. ಕಾನೂನು ಮಾಡುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಹಣ ಕೊಡುವುದೂ ಕಾಂಗ್ರೆಸ್ಸೇ. ಹಾಗಾಗಿ ಯಾವ ಆದೇಶ ಬಂದರೂ ಕೇಳಬೇಕಾದ ಪ್ರಶ್ನೆ: ಈ ಅಧಿಕಾರ ಇವರಿಗೆ ಎಲ್ಲಿಂದ ಬಂತು? ಸಂವಿಧಾನದಿಂದ ಬಂದಿರಬೇಕು, ಇಲ್ಲ ಕಾಂಗ್ರೆಸ್ ಮಾಡಿದ ಯಾವುದಾದರೂ ಕಾನೂನಿನಿಂದ ಬಂದಿರಬೇಕು. ಮೂರನೇ ದಾರಿ ಇಲ್ಲ.

ಕಾಗದ ಎಲ್ಲಿ ಸಿಗುತ್ತದೆ

ಸಹಿಯಾದ ದಿನವೇ ಸಾಮಾನ್ಯವಾಗಿ ಶ್ವೇತಭವನದ ವೆಬ್‌ಸೈಟಿಗೆ ಬರುತ್ತದೆ. ಕೆಲವು ದಿನಗಳ ಮೇಲೆ ಫೆಡರಲ್ ರಿಜಿಸ್ಟರ್‌ನಲ್ಲಿ ಅಚ್ಚಾಗುತ್ತದೆ. 1936ರಿಂದ ಬರುತ್ತಿರುವ ಸರ್ಕಾರಿ ಗೆಜೆಟ್ ಅದು, ಆನ್‌ಲೈನ್‌ನಲ್ಲಿ ಪುಕ್ಕಟೆ. ಎಕ್ಸಿಕ್ಯುಟಿವ್ ಆರ್ಡರ್‌ಗೆ, ಅಂದರೆ ಅಧ್ಯಕ್ಷರ ಕಾರ್ಯಾದೇಶಕ್ಕೆ, ಸಂಖ್ಯೆ ಕೊಡುವುದೂ ರಿಜಿಸ್ಟರ್ ಕಚೇರಿಯೇ. ಸಹಿಯಾದ ದಿನ ಸಂಖ್ಯೆ ಕಾಣದಿದ್ದರೆ ಅನುಮಾನ ಬೇಡ, ಆಮೇಲೆ ಬರುತ್ತದೆ.

ಶೀರ್ಷಿಕೆಯ ಮೇಲೆ ಅದು ಎಕ್ಸಿಕ್ಯುಟಿವ್ ಆರ್ಡರ್ರಾ, ಪ್ರೊಕ್ಲಮೇಷನ್ನಾ (ಘೋಷಣೆ), ಮೆಮೊರಾಂಡಮ್ಮಾ (ಸೂಚನಾ ಟಿಪ್ಪಣಿ) ಎಂದು ಬರೆದಿರುತ್ತದೆ. ಈ ಹೆಸರುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೂಕ ಬರುವುದು ಹೆಸರಿನಿಂದಲ್ಲ, ಹಿಂದೆ ಇರುವ ಕಾನೂನಿನಿಂದ. ನಾವು ಓದಿದ ಎಚ್-1ಬಿ ಕಾಗದ ಒಂದು ಪ್ರೊಕ್ಲಮೇಷನ್. 1863ರಲ್ಲಿ ಲಿಂಕನ್ ಗುಲಾಮರ ಬಿಡುಗಡೆ ಸಾರಿದ್ದೂ ಪ್ರೊಕ್ಲಮೇಷನ್ನೇ.

ಇನ್ನೊಂದು ವಿಷಯ. ಜನ ಅಧ್ಯಕ್ಷರ ಆದೇಶ ಎಂದುಕೊಂಡಿರುವ ಎಷ್ಟೋ ಕೆಲಸಗಳು ಅಧ್ಯಕ್ಷರ ಸಹಿಯಿಂದ ಆದದ್ದೇ ಅಲ್ಲ. ಚಿಕ್ಕ ವಯಸ್ಸಿನಲ್ಲಿ ದಾಖಲೆ ಇಲ್ಲದೆ ಅಮೆರಿಕಕ್ಕೆ ಬಂದವರಿಗೆ ರಕ್ಷಣೆ ಕೊಟ್ಟ ಡಾಕಾ ಯೋಜನೆಯನ್ನೇ ನೋಡಿ. 2012ರ ಜೂನ್ 15ರಂದು ಒಬಾಮಾ ಅದನ್ನು ಸಾರಿದರು ನಿಜ, ಆದರೆ ಅದು ಜಾರಿಗೆ ಬಂದದ್ದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಒಂದು ಮೆಮೊದಿಂದ. ಹಾಗಾಗಿ ಶ್ವೇತಭವನದ ಪುಟದಲ್ಲಿ ಸಿಗದಿದ್ದರೆ ಇಲಾಖೆಯ ಪುಟದಲ್ಲಿ ಹುಡುಕಿ.

ಮೊದಲ ಪ್ಯಾರಾ ನಿಧಾನಕ್ಕೆ ಓದಿ

ಎಲ್ಲಾ ಆದೇಶಗಳೂ ಹೆಚ್ಚುಕಡಿಮೆ ಒಂದೇ ರಾಗದಲ್ಲಿ ಶುರುವಾಗುತ್ತವೆ ಅಥವಾ ಸ್ವಲ್ಪ ಕೆಳಗೆ ಆ ಸಾಲು ಬರುತ್ತದೆ: ಸಂವಿಧಾನ ಮತ್ತು ಅಮೆರಿಕದ ಕಾನೂನುಗಳು ಅಧ್ಯಕ್ಷನಾಗಿ ನನಗೆ ಕೊಟ್ಟಿರುವ ಅಧಿಕಾರದಿಂದ, ಇಂಥಿಂಥ ಕಾನೂನು ಸೇರಿದಂತೆ, ಆದೇಶಿಸಿದ್ದೇನೆ. ಜನ ಈ ಸಾಲನ್ನು ಹಾರಿಸಿ ಮುಂದೆ ಹೋಗುತ್ತಾರೆ. ಇಡೀ ಕಾಗದದ ಜೀವ ಇರುವುದು ಅಲ್ಲೇ. "ಸೇರಿದಂತೆ" ಎಂಬ ಮಾತಿನ ಹತ್ತಿರ ಒಂದು ಸಂಖ್ಯೆ ಕಾಣುತ್ತದೆ. ನಮ್ಮ ಕಾಗದದಲ್ಲಿ 8 ಯು.ಎಸ್.ಸಿ. 1182(ಎಫ್) ಎಂದಿತ್ತು. ಯು.ಎಸ್.ಸಿ. ಅಂದರೆ ಕಾಂಗ್ರೆಸ್ ಮಾಡಿದ ಕಾನೂನುಗಳನ್ನು ವಿಷಯವಾರು ಜೋಡಿಸಿದ ಸಂಹಿತೆ. ಅದರ 8ನೇ ಭಾಗ ವಲಸೆಗೆ ಸೇರಿದ್ದು, 1182 ಅದರೊಳಗಿನ ಸೆಕ್ಷನ್. ಆ ಸಂಖ್ಯೆಯನ್ನು ಹಾಗೇ ಗೂಗಲ್‌ಗೆ ಹಾಕಿದರೆ ಪೂರ್ತಿ ಸೆಕ್ಷನ್ ಸಿಗುತ್ತದೆ. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಕೆಟ್ಟದ್ದು ಎಂದು ಅಧ್ಯಕ್ಷರಿಗೆ ಕಂಡರೆ ಅವರನ್ನು ತಡೆಯಬಹುದು, ಷರತ್ತು ಹಾಕಬಹುದು ಎಂದು 1952ರ ಈ ಕಾನೂನು ಹೇಳುತ್ತದೆ. 2018ರಲ್ಲಿ ಕೆಲವು ದೇಶಗಳವರ ಪ್ರಯಾಣ ನಿಷೇಧವನ್ನು ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿದದ್ದು ಇದೇ ಸೆಕ್ಷನ್ ಮೇಲೆ. ಅಂದರೆ ಅಧ್ಯಕ್ಷರು ಬರಿಗೈಯಲ್ಲಿ ಬಂದಿರಲಿಲ್ಲ. ಆದರೆ ಪ್ರವೇಶ ತಡೆಯುವ ಅಧಿಕಾರದೊಳಗೆ ಇಷ್ಟು ದೊಡ್ಡ ಶುಲ್ಕ ಹಾಕುವ ಅಧಿಕಾರವೂ ಇದೆಯಾ? ಹೀಗೆ ಕಾನೂನು ಹೇಳುವುದಕ್ಕೂ ಆದೇಶ ಮಾಡುವುದಕ್ಕೂ ನಡುವೆ ಇರುವ ಸಂದನ್ನು ನೋಡಬೇಕು. ಕೋರ್ಟಿನಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ.

ಯಾವ ಕಾನೂನಿನ ಹೆಸರೂ ಇಲ್ಲದೆ ಸುಮ್ನೆ "ಸಂವಿಧಾನ ಮತ್ತು ಕಾನೂನುಗಳು" ಎಂದಷ್ಟೇ ಇದ್ದರೆ ಎರಡರಲ್ಲಿ ಒಂದು. ಅದು ಬರೀ ಆಂತರಿಕ ಆಡಳಿತದ ವಿಷಯವಾಗಿರಬಹುದು, ಇಲ್ಲವೇ ಅಧ್ಯಕ್ಷರ ಕಾಲ ಕೆಳಗೆ ನೆಲ ಸಡಿಲ ಇರಬಹುದು.

ಇದನ್ನು ಅಳೆಯುವ ಗೆರೆ ಹಾಕಿಕೊಟ್ಟದ್ದು 1952ರ ಉಕ್ಕಿನ ಪ್ರಕರಣ. ನನ್ನ ಮಟ್ಟಿಗೆ ಅಮೆರಿಕದ ಅಧ್ಯಕ್ಷ ಪದವಿಯನ್ನು ಅರ್ಥಮಾಡಿಕೊಳ್ಳಲು ಇದೊಂದು ಕಥೆ ಸಾಕು. ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾಗಿದ್ದರು. ಉಕ್ಕು ನಿಂತರೆ ಸೈನಿಕರಿಗೆ ಮದ್ದುಗುಂಡು ಇಲ್ಲ ಎಂದು ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಆದೇಶ 10340ಕ್ಕೆ ಸಹಿ ಹಾಕಿ, ಕಾರ್ಖಾನೆಗಳನ್ನೇ ವಶಕ್ಕೆ ತಗೊಳ್ಳಿ ಎಂದು ವಾಣಿಜ್ಯ ಕಾರ್ಯದರ್ಶಿ (ನಮ್ಮಲ್ಲಿನ ಮಂತ್ರಿಯ ಹಾಗೆ) ಸಾಯರ್ ಅವರಿಗೆ ಹೇಳಿದರು. ಕಾರಣ ಸಣ್ಣದಲ್ಲ, ದೇಶ ಯುದ್ಧದಲ್ಲಿದೆ. ಆದರೂ ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಆಗಲ್ಲ ಎಂದಿತು. ಕಾರ್ಖಾನೆಗಳು ಮಾಲೀಕರ ಕೈಗೆ ವಾಪಸ್ ಹೋದವು. ಐದು ವರ್ಷ ಹಿಂದೆ, 1947ರಲ್ಲಿ, ಕಾರ್ಮಿಕ ಕಾನೂನು ಮಾಡುವಾಗ ಇಂಥ ವಶದ ಅಧಿಕಾರ ಕೊಡುವ ಪ್ರಸ್ತಾಪ ಬಂದಿತ್ತು, ಕಾಂಗ್ರೆಸ್ ಅದನ್ನು ಒಪ್ಪಿರಲಿಲ್ಲ. ಕಾಂಗ್ರೆಸ್ ಬೇಡ ಎಂದದ್ದನ್ನು ಅಧ್ಯಕ್ಷರು ಒಬ್ಬರೇ ತಗೊಳ್ಳಲು ಬರುವುದಿಲ್ಲ.

ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಜಾಕ್ಸನ್ ಬರೆದ ಮಾತನ್ನು ವಕೀಲರು ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. ಕಾಂಗ್ರೆಸ್ ಅನುಮತಿ ಕೊಟ್ಟಿದ್ದರೆ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದೆ ಇದ್ದರೆ ಅದು ಮಬ್ಬುಗತ್ತಲಿನ ಜಾಗ. ಕಾಂಗ್ರೆಸ್ ಇಷ್ಟಕ್ಕೆ ವಿರುದ್ಧವಾಗಿ ಹೋದರೆ ಬಲ ತೀರಾ ಕಡಿಮೆ. ನೀವು ಓದುತ್ತಿರುವ ಆದೇಶ ಈ ಮೂರರಲ್ಲಿ ಎಲ್ಲಿ ಕೂರುತ್ತದೆ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. 2023ರಲ್ಲಿ ಬೈಡನ್ ಸರ್ಕಾರದ ಸುಮಾರು 40,000 ಕೋಟಿ ಡಾಲರ್‌ಗಳ ಶಿಕ್ಷಣ ಸಾಲ ಮನ್ನಾ ಬಿದ್ದುಹೋದದ್ದೂ ಇದೇ ಬಗೆಯ ಲೆಕ್ಕದಲ್ಲಿ: ಅವರು ಹಿಡಿದುಕೊಂಡಿದ್ದ 2003ರ ಕಾನೂನು ಅಷ್ಟು ದೊಡ್ಡ ಮನ್ನಾಕ್ಕೆ ಸಾಲದು ಎಂದು ಕೋರ್ಟ್ ಹೇಳಿತು. ಯಾವ ಪಕ್ಷದ ಅಧ್ಯಕ್ಷರಾದರೂ ಪ್ರಶ್ನೆ ಒಂದೇ.

ಕ್ರಿಯಾಪದ ಹುಡುಕಿ, ಕೊನೆ ಸೆಕ್ಷನ್ ಬಿಡಬೇಡಿ

ಆದೇಶದ ಮೊದಲ ಸೆಕ್ಷನ್ ಸಾಮಾನ್ಯವಾಗಿ ಉದ್ದೇಶ, ನೀತಿ, ಹಿಂದಿನವರ ಮೇಲೆ ದೂರು. ಅದನ್ನು ಬೇಗ ಓದಿ ಮುಗಿಸಿ. ಆಮೇಲೆ ಪೆನ್ನು ತಗೊಂಡು ಎಲ್ಲೆಲ್ಲಿ "ಶಲ್" (ಮಾಡತಕ್ಕದ್ದು ಎಂಬ ಅರ್ಥದ ಇಂಗ್ಲಿಷ್ ಪದ) ಎಂದಿದೆಯೋ ಅಲ್ಲಿ ಗೆರೆ ಎಳೆಯಿರಿ. ಯಾರು ಮಾಡಬೇಕು, ಏನು ಮಾಡಬೇಕು, ಎಷ್ಟು ದಿನದೊಳಗೆ? "ಕಾರ್ಯದರ್ಶಿಯವರು 90 ದಿನದೊಳಗೆ ವರದಿ ಕೊಡತಕ್ಕದ್ದು" ಎಂದಿದ್ದರೆ ನಾಳೆ ಬೆಳಿಗ್ಗೆ ಯಾರ ಬದುಕೂ ಬದಲಾಗುವುದಿಲ್ಲ. "ಪರಿಶೀಲಿಸಿ", "ಪರಿಗಣಿಸಿ" ಎಂದಿದ್ದರೂ ಅಷ್ಟೇ. "ನಿಯಮ ಪ್ರಸ್ತಾಪಿಸಿ" ಎಂದಿದ್ದರೆ ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಯಾಕಂದರೆ 1946ರ ಆಡಳಿತ ವಿಧಾನದ ಕಾನೂನಿನ ಪ್ರಕಾರ ಇಲಾಖೆ ಸಾಮಾನ್ಯವಾಗಿ ಮೊದಲು ಕರಡು ಪ್ರಕಟಿಸಬೇಕು, ಜನರ ಅಭಿಪ್ರಾಯ ಕೇಳಬೇಕು, ಬಂದದ್ದಕ್ಕೆ ಉತ್ತರ ಕೊಡಬೇಕು. ಈ ಅಭಿಪ್ರಾಯವನ್ನು ಯಾರು ಬೇಕಾದರೂ ಬರೆಯಬಹುದು, ಅಮೆರಿಕದ ಪ್ರಜೆಯಾಗಿರಬೇಕು ಎಂದೇನಿಲ್ಲ. ವೀಸಾ ನಿಯಮ ಬದಲಾದಾಗ ಗುಂಪಿನಲ್ಲಿ ಬೈದುಕೊಳ್ಳುವ ಬದಲು ಅಲ್ಲಿ ನಾಲ್ಕು ಸಾಲು ಬರೆಯಿರಿ, ಅದು ದಾಖಲೆಯಲ್ಲಿ ಉಳಿಯುತ್ತದೆ. ಆದರೆ "ಇಂದಿನಿಂದ ನಿಲ್ಲಿಸಿ", "ಪ್ರವೇಶ ತಡೆಯಲಾಗಿದೆ" ಎಂದಿದ್ದರೆ ಮಾತ್ರ ಕೂಡಲೇ ಎಚ್ಚರವಾಗಬೇಕು.

ಇನ್ನು ಕೊನೆಯ ಸೆಕ್ಷನ್. ಪ್ರತಿ ಆದೇಶದಲ್ಲೂ ಇದ್ದೇ ಇರುತ್ತದೆ ಅನ್ನಬಹುದು, ಆದರೆ ಓದುವವರು ಕಡಿಮೆ. ಈ ಆದೇಶವನ್ನು ಕಾನೂನಿಗೆ ಅನುಗುಣವಾಗಿ, ಹಣ ಮಂಜೂರಾಗಿರುವ ಮಟ್ಟಿಗೆ ಜಾರಿ ಮಾಡತಕ್ಕದ್ದು ಎಂದು ಅಲ್ಲಿರುತ್ತದೆ. ಹಣ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ಜೈಲೇ ಸಾಕ್ಷಿ. 2009ರ ಜನವರಿ 22ರಂದು, ಅಧಿಕಾರಕ್ಕೆ ಬಂದ ಎರಡು ದಿನಕ್ಕೆ, ಒಂದು ವರ್ಷದೊಳಗೆ ಆ ಜೈಲು ಮುಚ್ಚಿ ಎಂದು ಒಬಾಮಾ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಹಣ ಬಳಸಬಾರದು ಎಂದು ಕಾಂಗ್ರೆಸ್ ನಿರ್ಬಂಧ ಹಾಕಿತು. ಎಂಟು ವರ್ಷ ಮುಗಿದು ಅವರು ಇಳಿದುಹೋದಾಗಲೂ ಜೈಲು ಅಲ್ಲೇ ಇತ್ತು.

ಇದಕ್ಕೆ ತಿರುಗುಮುರುಗಾದದ್ದೂ ಇದೆ. ಕಾಂಗ್ರೆಸ್ ಕೊಟ್ಟ ಹಣವನ್ನು ಅಧ್ಯಕ್ಷರು ಇಷ್ಟವಿಲ್ಲ ಎಂದು ಸುಮ್ಮನೆ ತಡೆಹಿಡಿಯಬಾರದು. ನಿಕ್ಸನ್ ಹಾಗೆ ಮಾಡಿದ್ದರಿಂದಲೇ 1974ರಲ್ಲಿ ಅದಕ್ಕೆ ಪ್ರತ್ಯೇಕ ಕಾನೂನು ಬಂತು.

ಕಾಗದ ನೋಡದೆ ಹೇಳಬಹುದಾದ ಕೆಲವು

ಕ್ಷಮಾದಾನದ ಸುದ್ದಿ ಬಂದರೆ ಅಪರಾಧ ಕೇಂದ್ರದ್ದಾ ರಾಜ್ಯದ್ದಾ ನೋಡಿ. ರಾಜ್ಯದ ಕಾನೂನಿನ ಕೆಳಗೆ ಶಿಕ್ಷೆಯಾಗಿದ್ದರೆ ಅಧ್ಯಕ್ಷರಿಗೆ ಕ್ಷಮಿಸುವ ಅಧಿಕಾರ ಇಲ್ಲ. ಯುದ್ಧ ಘೋಷಿಸುವುದು ಕಾಂಗ್ರೆಸ್, ಆದರೆ ಅದು ಕೊನೆಯ ಸಲ ಘೋಷಿಸಿದ್ದು 1942ರಲ್ಲಿ. ಆಮೇಲಿನ ಕೊರಿಯಾ, ವಿಯೆಟ್ನಾಂ ಎಲ್ಲ ಘೋಷಣೆ ಇಲ್ಲದೆ ನಡೆದವು. ಸೇನೆ ಇಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಿ, ಅದರ ಅನುಮತಿ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಿ ಎಂದು 1973ರ ನಿರ್ಣಯ ಹೇಳುತ್ತದೆ. ಕಾಗದದ ಮೇಲೆ ಗಟ್ಟಿಯಾಗಿ ಕಾಣುವ ಈ ಕಡಿವಾಣ ನಡೆಯಲ್ಲಿ ಸಡಿಲ. ರಾಜ್ಯದ ಅಧಿಕಾರಿಗಳಿಗೆ ಕೇಂದ್ರ ನೇರವಾಗಿ ಅಪ್ಪಣೆ ಕೊಡುವಂತಿಲ್ಲ, ಇದು ಸುಪ್ರೀಂ ಕೋರ್ಟಿನ 1997ರ ತೀರ್ಪು.

ಕೋರ್ಟ್ ತಡೆದಿದೆ ಎಂದರೆ

"ಆದೇಶಕ್ಕೆ ಕೋರ್ಟ್ ತಡೆ" ಎಂದು ಸುದ್ದಿ ಬಂದ ಕೂಡಲೇ ನಿಟ್ಟುಸಿರು ಬಿಡಬೇಡಿ. ಯಾರಿಗೆ ತಡೆ ಎಂದು ಕೇಳಿ. ಹಿಂದೆ ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯವಾಗುವ ತಡೆ ಕೊಡುವುದು ಮಾಮೂಲಾಗಿತ್ತು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ ಅದನ್ನು ಕಟ್ಟಿಹಾಕಿತು: ತಡೆ ಅರ್ಜಿದಾರರಿಗೆ ಪೂರ್ತಿ ಪರಿಹಾರ ಸಿಗುವಷ್ಟು ಇದ್ದರೆ ಸಾಕು. ಒಂದೇ ರೀತಿ ತೊಂದರೆಗೊಳಗಾದವರನ್ನೆಲ್ಲ ಸೇರಿಸಿ ಗುಂಪು ದಾವೆ ಹಾಕುವ ದಾರಿ ಉಳಿದಿದೆ. ಹಾಗಾಗಿ ನೀವು ಆ ಗುಂಪಿನೊಳಗೆ ಇದ್ದೀರಾ ಇಲ್ಲವಾ ಎನ್ನುವುದೇ ಈಗ ದೊಡ್ಡ ಪ್ರಶ್ನೆ.

ಮಾತು ಬೇರೆ, ಕಾಗದ ಬೇರೆ

ತಂಗಿಯ ಕಥೆಗೆ ಬರುತ್ತೇನೆ. ಅವತ್ತು ವಾಣಿಜ್ಯ ಕಾರ್ಯದರ್ಶಿ ಪತ್ರಕರ್ತರಿಗೆ ವರ್ಷವರ್ಷವೂ ಒಂದು ಲಕ್ಷ ಡಾಲರ್ ಎಂಬಂತೆ ಹೇಳಿದ್ದರು. ಕಾಗದದಲ್ಲಿ ವರ್ಷಕ್ಕೆ ಎಂಬ ಮಾತೇ ಇರಲಿಲ್ಲ. ಅರ್ಜಿಯ ಜೊತೆ 1,00,000 ಡಾಲರ್ ಕಟ್ಟಿರಬೇಕು, ಇಲ್ಲದಿದ್ದರೆ ಪ್ರವೇಶ ಇಲ್ಲ ಎಂದಿತ್ತು. ಸೆಪ್ಟೆಂಬರ್ 21ರ ಮಧ್ಯರಾತ್ರಿ 12:01ರಿಂದ ಜಾರಿ. ಆ ದಿನದ ನಂತರ ದೇಶದೊಳಗೆ ಬರುವವರಿಗೆ ಅನ್ವಯ ಎಂದೂ ಇತ್ತು. ಆಗಲೇ ವೀಸಾ ಇರುವವರನ್ನು ಬಿಟ್ಟಿದ್ದೇವೆ ಎಂದು ಎಲ್ಲೂ ಸ್ಪಷ್ಟವಾಗಿ ಬರೆದಿರಲಿಲ್ಲ. ಅವಳ ಅರ್ಜಿ ಮಂಜೂರಾಗಿ ವರ್ಷವೇ ಕಳೆದಿತ್ತು, ಅದರ ಜೊತೆ ಯಾರೂ ಒಂದು ಲಕ್ಷ ಕಟ್ಟಿರಲಿಲ್ಲ. ಈ ಸಾಲುಗಳನ್ನು ಎರಡೆರಡು ಸಲ ಓದಿ ನಾನು ಹೇಳಿದೆ, ಇಷ್ಟು ಮಬ್ಬಾಗಿರುವಾಗ ಹೊರಗೆ ಹೋಗಬೇಡಮ್ಮ. ಅವಳು ಸಾಮಾನು ವಾಪಸ್ ತಗೊಂಡು ಮನೆಗೆ ಹೋದಳು.

ಮರುದಿನ, ಶನಿವಾರ, ಶ್ವೇತಭವನದ ವಕ್ತಾರರು ಒಂದೇ ಸಲ ಕಟ್ಟುವ ಶುಲ್ಕ, ಹೊಸ ವೀಸಾಗೆ ಮಾತ್ರ ಎಂದರು. ವಲಸೆ ಸೇವೆಯ ಮೆಮೊ ಕೂಡ ಬಂತು: ಇನ್ನೂ ಸಲ್ಲಿಸದ ಹೊಸ ಅರ್ಜಿಗಳಿಗಷ್ಟೇ ಅನ್ವಯ. ಅವಳು ಹೋಗಿ ಬರಬಹುದಿತ್ತು. ಟಿಕೆಟ್ ದುಡ್ಡು ಹೋಯಿತು, ಅಮ್ಮನನ್ನು ನೋಡುವುದೂ ಮುಂದಕ್ಕೆ ಹೋಯಿತು. ಆದರೂ ಆ ರಾತ್ರಿ ಕೈಯಲ್ಲಿದ್ದ ಕಾಗದದ ಪ್ರಕಾರ ನಾವು ಮಾಡಿದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಆದೇಶ, ಅದರ ಮೇಲೆ ಇಲಾಖೆಯ ಮಾರ್ಗಸೂಚಿ, ಅಧಿಕಾರಿಗಳ ಬಾಯಿಮಾತು ಮೂರನ್ನೂ ಬೇರೆಬೇರೆ ಇಟ್ಟು ನೋಡಿ. ಗಡಿಯಲ್ಲಿ ನಿಂತ ಅಧಿಕಾರಿ ನೋಡುವುದು ಮೊದಲ ಎರಡನ್ನು. ಎರಡನೆಯದು ಬರಲು ಒಂದೆರಡು ದಿನ ಬೇಕು, ಆಗುವುದಾದರೆ ಅಷ್ಟು ದಿನ ಕಾಯಿರಿ.

ಮುಗಿಯುವ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ನಾವು ಓದಿದ ಪ್ರೊಕ್ಲಮೇಷನ್‌ನಲ್ಲಿ, ಮುಂದುವರಿಸದಿದ್ದರೆ 12 ತಿಂಗಳಿಗೆ ಮುಗಿಯುತ್ತದೆ ಎಂದು ಇತ್ತು. ಅವಳು ಆ ಪುಟವನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ, ದಿನಾಂಕದ ಸುತ್ತ ಕೆಂಪು ಗೆರೆ ಎಳೆದು.