ಚಳಿಗಾಲದಲ್ಲಿ ಪ್ರೇರಿ ಡಾಗ್: ಮೊದಲು ನೋಡಿ, ಆಮೇಲೆ ಬೋನು ಇಡಿ

ಅಮೆರಿಕದ ಕೊಲೊರಾಡೊ, ದಕ್ಷಿಣ ಡಕೋಟದ ಹುಲ್ಲುಗಾವಲುಗಳಲ್ಲಿ ಅಳಿಲಿನ ಬಳಗದ ಪ್ರೇರಿ ಡಾಗ್‌ಗಳು ಬಿಲ ತೋಡಿಕೊಂಡು ಗುಂಪಾಗಿ ಬದುಕುತ್ತವೆ. ಡೆನ್ವರ್ ಸುತ್ತಮುತ್ತ ಇರುವ ಕನ್ನಡಿಗರಿಗೆ ರಸ್ತೆ ಪಕ್ಕದ ಖಾಲಿ ಜಾಗದಲ್ಲೇ ಕಾಣುತ್ತವೆ. ಕಟ್ಟಡ ಏಳುವ ಜಾಗದಿಂದ ಬೇರೆಡೆಗೆ ಸಾಗಿಸಲು, ಇಲ್ಲವೇ ಕಿವಿಗೆ ನಂಬರ್ ಹಾಕಿ ಅಧ್ಯಯನ ಮಾಡಲು ಇವನ್ನು ಜೀವಂತವಾಗಿ ಹಿಡಿಯುತ್ತಾರೆ. ಸುಮ್ನೆ ಹೋಗಿ ಹಿಡಿಯುವಂತಿಲ್ಲ. ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ನಿಯಮ ಕೇಳಿ, ಅನುಮತಿ ಪಡೆದೇ ಹೊರಡಬೇಕು.

ಮೊದಲು ಬಾಲ ನೋಡಿ. ಒಟ್ಟು 5 ಜಾತಿಗಳಲ್ಲಿ, ಬಾಲದ ತುದಿ ಕಪ್ಪಾಗಿರುವ ಜಾತಿ ಚಳಿಗಾಲದಲ್ಲೂ ಹೊರಗೆ ಬರುತ್ತದೆ. ಬಿಳಿ ಬಾಲದವು ತಿಂಗಳುಗಟ್ಟಲೆ ಬಿಲದೊಳಗೇ ಮಲಗಿರುತ್ತವೆ. ಅಲ್ಲಿ ಎಷ್ಟು ಕಾದರೂ ಪ್ರಯೋಜನವಿಲ್ಲ.

ಗಾಳಿ ಕಡಿಮೆ ಇರುವ, ಬಿಸಿಲು ಬಿದ್ದ ದಿನ ಆರಿಸಿಕೊಳ್ಳಿ. ದೂರದಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು ಬೈನಾಕ್ಯುಲರ್‌ನಲ್ಲಿ ನೋಡಿ. ಹಿಮ ಬಿದ್ದಿದ್ದರೆ ಇನ್ನೂ ಒಳ್ಳೆಯದು: ಬಿಲದ ಬಾಯಿಯ ಸುತ್ತ ಬಿಳಿ ಹಿಮದ ಮೇಲೆ ಹೊಸ ಮಣ್ಣು, ಹೆಜ್ಜೆ ಗುರುತು ಕಂಡರೆ ಆ ಬಿಲದಲ್ಲಿ ವಾಸ ಇದೆ ಅಂತಲೇ ಅರ್ಥ. ಯಾವುದು ಯಾವ ಬಿಲಕ್ಕೆ ಹೋಗುತ್ತದೆ ಎಂದು ನಕ್ಷೆ ಬರೆದುಕೊಳ್ಳಿ. ಸಾಮಾನ್ಯವಾಗಿ ಒಂದು ಗಂಡು, ಮೂರ್ನಾಲ್ಕು ಹೆಣ್ಣು, ಅವುಗಳ ಮರಿಗಳು ಸೇರಿ ಒಂದು ಕುಟುಂಬ. ಮನೆಯವರು ಎದುರಾದರೆ ಬಾಯಿಗೆ ಬಾಯಿ ತಾಗಿಸುತ್ತವೆ, ಹೊರಗಿನವರಾದರೆ ಅಟ್ಟಿಸಿಕೊಂಡು ಹೋಗುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಂತೂ ಕಣ್ಣು ತೆಗೆಯಬೇಡಿ. ಹೆಣ್ಣು ಬೆದೆಗೆ ಬರುವುದು ವರ್ಷದಲ್ಲಿ ಒಂದೇ ದಿನ, ಕೂಡುವುದು ಹೆಚ್ಚಾಗಿ ಬಿಲದೊಳಗೆ. ಗಂಡು, ಹೆಣ್ಣು ಒಂದೇ ಬಿಲಕ್ಕೆ ಇಳಿದು, ಆಮೇಲೆ ಗಂಡು ಹೊರಬಂದು ವಿಶಿಷ್ಟವಾಗಿ ಕೂಗಿದರೆ ಆ ದಿನ ಬಂದಿದೆ ಅಂತ ತಿಳಿಯಬಹುದು. ದಕ್ಷಿಣ ಡಕೋಟದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ಜೀವವಿಜ್ಞಾನಿ ಜಾನ್ ಹೂಗ್ಲ್ಯಾಂಡ್ ವರ್ಷಗಟ್ಟಲೆ ಹೀಗೇ ಕೂತು ನೋಡಿದವರು.

ಇನ್ನು ಬೋನು. ಚಳಿಗಾಲದ ಕೊನೆ ಇದಕ್ಕೆ ಸರಿಯಾದ ಹೊತ್ತು. ಹಸಿರು ಚಿಗುರಿರುವುದಿಲ್ಲ, ಹಸಿವು ಜಾಸ್ತಿ, ಓಟ್ಸ್‌ಗೆ ಬೇಗ ಬರುತ್ತವೆ. ತಂತಿಯ ಬೋನನ್ನು ಬಿಲದ ಬಾಯಿಯ ಹತ್ತಿರ ಅಲುಗಾಡದಂತೆ ಇಡಿ. ಕೆಲವು ದಿನ ಬಾಗಿಲು ಮುಚ್ಚದಂತೆ ಕಟ್ಟಿ, ಒಳಗೆ ಹೊರಗೆ ಓಟ್ಸ್ ಚೆಲ್ಲಿ. ಆತುರಪಡುವವರು ಈ ಹಂತವನ್ನೇ ಬಿಡುತ್ತಾರೆ, ಆಮೇಲೆ ಪ್ರಾಣಿ ಬೋನಿನ ಹತ್ತಿರವೂ ಸುಳಿಯುವುದಿಲ್ಲ. ನಿರ್ಭಯವಾಗಿ ಒಳಗೆ ಹೋಗಿ ಬರತೊಡಗಿದ ಮೇಲೆ ಕಟ್ಟು ಬಿಚ್ಚಿ, ತುಳಿದರೆ ಬಾಗಿಲು ಮುಚ್ಚುವ ಹಲಗೆಯ ಆಚೆ ಓಟ್ಸ್ ಹಾಕಿ.

ಹಿಡಿಯುವ ದಿನ ಬೋನುಗಳನ್ನು ಬಿಟ್ಟು ಹೋಗಬೇಡಿ. ತಂತಿಯ ಮೇಲೆ ನಿಂತ ಪ್ರಾಣಿಗೆ ಚಳಿಗಾಳಿ ತಡೆಯಲು ಆಗುವುದಿಲ್ಲ. ಸಿಕ್ಕಿದ ಕೂಡಲೇ ಬೋನಿನ ಮೇಲೆ ಬಟ್ಟೆ ಮುಚ್ಚಿ. ಹಿಮ ಸುರಿಯುವಾಗ ಬೋನು ಇಡಲೇಬೇಡಿ, ಸಂಜೆಗೆ ಮುಂಚೆ ಎಲ್ಲ ಬೋನುಗಳ ಬಾಗಿಲು ಮುಚ್ಚಿ. ಹಲ್ಲು ಚೂಪು, ದಪ್ಪ ಕೈಗವಸು ಬೇಕು. ಚಿಗಟಗಳಿಂದ ಪ್ಲೇಗ್ ಹರಡಬಹುದು, ಹಾಗಾಗಿ ಚಿಗಟ ನಿವಾರಕ ಬಳಸಿ. ಗಿಜಿಗುಡುತ್ತಿದ್ದ ಬಿಲಗಳು ದಿಢೀರ್ ಖಾಲಿಯಾಗಿದ್ದರೆ ಅಲ್ಲಿಗೆ ಕಾಲಿಡದೆ ಆರೋಗ್ಯ ಇಲಾಖೆಗೆ ತಿಳಿಸಿ.

ಸಾಗಿಸುವಾಗ ನಿಮ್ಮ ನಕ್ಷೆ ತೆಗೆದು, ಒಂದೇ ಕುಟುಂಬದವನ್ನು ಒಟ್ಟಿಗೆ, ಬಿಲ ಸಿದ್ಧವಿರುವ ಜಾಗದಲ್ಲಿ ಬಿಡಿ. ಕೂಡಿದ ಸುಮಾರು 35 ದಿನಕ್ಕೆ ಮರಿಗಳು ಹುಟ್ಟುತ್ತವೆ. ಅಷ್ಟರೊಳಗೆ ಬೋನುಗಳನ್ನು ಎತ್ತಿಬಿಡಿ. ತಾಯಿಯನ್ನು ಹಿಡಿದರೆ ಬಿಲದೊಳಗಿನ ಮರಿಗಳು ಹಸಿವಿನಿಂದ ಸಾಯುತ್ತವೆ. ಮರಿಗಳು ತಾವಾಗಿ ಹೊರಬಂದು ಹುಲ್ಲು ಮೇಯತೊಡಗಿದ ಮೇಲಷ್ಟೇ ಮತ್ತೆ ಇಡಿ.